ತೆಳ್ಳಗಾಗುವ ವಯಸ್ಸಿನ ಮಕ್ಕಳು: ಬೊಜ್ಜು ತಡೆಯುವ ಕೆಲಸ ನಾನು ಶುರು ಮಾಡುವುದು ಇಲ್ಲಿಂದ

ಎರಡು, ಮೂರು ವರ್ಷದ ಮಗುವನ್ನು ಕರೆದುಕೊಂಡು ಬರುವ ತಾಯಂದಿರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು: "ಡಾಕ್ಟ್ರೇ, ಒಂದು ವರ್ಷ ತುಂಬುವವರೆಗೂ ಮೈಕೈ ತುಂಬಿಕೊಂಡು ಎಷ್ಟು ಚೆನ್ನಾಗಿತ್ತು. ಈಗ ನೋಡಿ, ಪಕ್ಕೆಲುಬು ಎಣಿಸಬಹುದು. ಏನು ಕೊಟ್ಟರೂ ತಿನ್ನಲ್ಲ. ಹಸಿವಾಗೋಕೆ ಏನಾದರೂ ಟಾನಿಕ್ ಬರೆದುಕೊಡಿ." ಅಷ್ಟು ಹೊತ್ತಿಗೆ ಆ ಮಗು ನನ್ನ ಸ್ಟೆತಸ್ಕೋಪ್ ಎಳೆದು, ಮೇಜಿನ ಕೆಳಗೆ ನುಸುಳಿ, ಬಾಗಿಲವರೆಗೆ ಓಡಿ ವಾಪಸ್ ಬಂದಿರುತ್ತದೆ. ತೂಕ, ಎತ್ತರ ಅಳೆದರೆ ಬಹುಪಾಲು ಮಕ್ಕಳದ್ದು ಸರಿಯಾಗಿಯೇ ಇರುತ್ತದೆ.

ಮಕ್ಕಳ ಬೊಜ್ಜಿನ ಬಗ್ಗೆ ಬರೆಯಲು ಕೂತು ತೆಳ್ಳಗಿನ ಮಗುವಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಹತ್ತು, ಹನ್ನೆರಡನೇ ವಯಸ್ಸಿಗೆ ತೂಕ ಹೆಚ್ಚಾಗಿದೆ ಎಂದು ಬರುವ ಮಕ್ಕಳ ಹಳೆಯ ದಾಖಲೆ ತೆಗೆದು ನೋಡಿದಾಗ, ಎಷ್ಟೋ ಸಲ ಬೆಳವಣಿಗೆಯ ಚಾರ್ಟಿನ ಗೆರೆ ಮೇಲಕ್ಕೆ ತಿರುಗಿರುವುದು ಶಾಲೆಗೆ ಸೇರುವ ಮೊದಲೇ. ಅದರ ಪಕ್ಕದಲ್ಲೇ "ಮಗು ಊಟ ಮಾಡುವುದಿಲ್ಲ" ಎಂಬ ದೂರನ್ನು ನಾನೇ ಬರೆದುಕೊಂಡಿರುತ್ತೇನೆ.

ಮಗುವಿನ ಮೈ ಬೆಳೆಯುವ ದಾರಿಯೇ ಹಾಗಿದೆ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ವರ್ಷ ತುಂಬುವಾಗ ಹೆಚ್ಚುಕಡಿಮೆ ಒಂಬತ್ತು ಕಿಲೋ ಆಗುತ್ತದೆ, ಅಂದರೆ ಮೂರು ಪಟ್ಟು. ಆಮೇಲೆ ಆ ವೇಗ ಇಳಿಯುತ್ತದೆ. ಎರಡರಿಂದ ಐದು ವರ್ಷದವರೆಗೆ ವರ್ಷಕ್ಕೆ ಸುಮಾರು ಎರಡು ಕಿಲೋ ಮಾತ್ರ ಏರುತ್ತದೆ. ಎತ್ತರ ಮಾತ್ರ ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಆರು ತಿಂಗಳ ಆಸುಪಾಸಿನಲ್ಲಿ 17ರ ಹತ್ತಿರ ಇದ್ದದ್ದು, ಐದು, ಆರನೇ ವರ್ಷದ ಹೊತ್ತಿಗೆ 15ಕ್ಕೆ ಇಳಿಯುತ್ತದೆ. ಕೆನ್ನೆ, ತೊಡೆಯ ಮಡಿಕೆಗಳು ಹೋಗಿ ಕೈಕಾಲು ಉದ್ದವಾಗುತ್ತವೆ. ಅಲ್ಲಿ ತಳ ಮುಟ್ಟಿದ ಬಿಎಂಐ ಮತ್ತೆ ಏರಲು ಶುರುವಾಗುತ್ತದೆ. ವೈದ್ಯರು ಇದಕ್ಕೆ ಅಡಿಪಾಸಿಟಿ ರಿಬೌಂಡ್ ಎನ್ನುತ್ತಾರೆ. ಈ ಮರು ಏರಿಕೆ ಬೇಗ ಶುರುವಾದ ಮಕ್ಕಳು ಮುಂದೆ ಹೆಚ್ಚು ತೂಕದವರಾಗುತ್ತಾರೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 1984ರಲ್ಲೇ ತೋರಿಸಿದ್ದರು. ಜರ್ಮನಿಯಲ್ಲಿ 50,000ಕ್ಕೂ ಹೆಚ್ಚು ಮಕ್ಕಳ ಅಳತೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಾನು ಕೆಲಸ ಮಾಡುವ ರೀತಿಯನ್ನೇ ಗಟ್ಟಿ ಮಾಡಿತು. ಬೊಜ್ಜು ಬಂದಿದ್ದ ಹದಿಹರೆಯದವರ ತೂಕ ಅತಿ ವೇಗವಾಗಿ ಏರಿದ್ದು ಎರಡರಿಂದ ಆರನೇ ವರ್ಷದ ನಡುವೆ. ಮೂರನೇ ವಯಸ್ಸಿಗೇ ಬೊಜ್ಜು ಇದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಹದಿಹರೆಯದಲ್ಲೂ ಅಧಿಕ ತೂಕದಲ್ಲೋ ಬೊಜ್ಜಿನಲ್ಲೋ ಉಳಿದಿದ್ದರು.

ಮೈ ತೆಳ್ಳಗಾಗಲೇಬೇಕಾದ ವರ್ಷಗಳಲ್ಲೇ ಮನೆಯವರಿಗೆ ಮಗು ಸೊರಗಿತು ಎಂಬ ದಿಗಿಲು ಹುಟ್ಟುತ್ತದೆ. ಆಗಲೇ ಬಲವಂತದ ಊಟ, ಫೋನ್ ತೋರಿಸಿ ತುತ್ತು ಇಡುವುದು, ಊಟ ಬಿಟ್ಟರೆ ಬದಲಿಗೆ ಹಾಲು, ಹಾಲು ಬಿಟ್ಟರೆ ಬಿಸ್ಕತ್ತು ಎಲ್ಲ ಶುರುವಾಗುತ್ತವೆ. ಈ ಅಭ್ಯಾಸಗಳು ಬೇರೂರುವ ಮೊದಲೇ ಮಧ್ಯೆ ಬರುವುದು ನನ್ನ ಕೆಲಸ ಎಂದು ನಾನು ನಂಬಿದ್ದೇನೆ.

ಮೊದಲು ಅಳೆಯುತ್ತೇನೆ. ಚಪ್ಪಲಿ, ದಪ್ಪ ಬಟ್ಟೆ ತೆಗೆಸಿ ತೂಕ. ಎರಡು ವರ್ಷದೊಳಗಿನ ಮಗುವಾದರೆ ಮಲಗಿಸಿ ಉದ್ದ, ದೊಡ್ಡದಾದರೆ ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಎತ್ತರ. ಎರಡನ್ನೂ ಬೆಳವಣಿಗೆಯ ಚಾರ್ಟಿನಲ್ಲಿ ತಂದೆತಾಯಿಯ ಕಣ್ಣೆದುರೇ ಗುರುತಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಚಾರ್ಟ್ ನನಗೆ ಸಾಕು. ಬಿಎಂಐ ಎಂದರೆ ಗಾಬರಿಯಾಗುವವರಿಗೆ ಒಂದು ಸುಲಭದ ಉದಾಹರಣೆ ಕೊಡುತ್ತೇನೆ. ಸರಿಯಾಗಿ ಒಂದು ಮೀಟರ್ ಎತ್ತರ ಇರುವ ಮಗುವಿನ ತೂಕ ಎಷ್ಟು ಕಿಲೋ ಇದೆಯೋ ಅದೇ ಅದರ ಬಿಎಂಐ. ನಾಲ್ಕು ವರ್ಷದ ಹತ್ತಿರ ತುಂಬ ಮಕ್ಕಳು ಒಂದು ಮೀಟರ್ ಮುಟ್ಟುತ್ತಾರೆ. ಆಗ ಹದಿನೈದೂವರೆ ಕಿಲೋ ತೂಗುವ ಮಗು ನಡುಗೆರೆಯ ಹತ್ತಿರವೇ ಇದೆ. ಅದನ್ನೇ ಮನೆಯಲ್ಲಿ ಬಡಕಲು ಎನ್ನುತ್ತಾರೆ. ಅದೇ ಎತ್ತರಕ್ಕೆ 19 ಕಿಲೋ ತೂಗುವ ಮಗು ಅಧಿಕ ತೂಕದ ಗೆರೆ ದಾಟಿರುತ್ತದೆ. ಅದನ್ನು ಕಂಡವರೆಲ್ಲ "ಪುಷ್ಟಿಯಾಗಿದೆ" ಎಂದು ಕೆನ್ನೆ ಹಿಂಡುತ್ತಾರೆ. ಇಬ್ಬರ ನಡುವೆ ಇರುವುದು ಮೂರೂವರೆ ಕಿಲೋ. ನೋಡುವ ಕಣ್ಣಿಗೆ ಇಲ್ಲಿ ಯಾವ ಅಪಾಯವೂ ಕಾಣುವುದಿಲ್ಲ, ಅದಕ್ಕೇ ನಾನು ಚಾರ್ಟ್ ಬಿಡುವುದಿಲ್ಲ. ಒಂದು ಚುಕ್ಕೆಯಿಂದ ಏನೂ ತೀರ್ಮಾನಿಸುವುದೂ ಇಲ್ಲ. ಹಿಂದಿನ ಎರಡು ಮೂರು ಚುಕ್ಕೆಗಳ ಜೊತೆ ಸೇರಿಸಿ, ಇಳಿಯಬೇಕಾದ ವಯಸ್ಸಿನಲ್ಲಿ ಗೆರೆ ಏರುತ್ತಿದೆಯೇ ಎಂದು ನೋಡುತ್ತೇನೆ.

ಆಮೇಲೆ ಒಂದೇ ಪ್ರಶ್ನೆ: "ನಿನ್ನೆ ಬೆಳಿಗ್ಗೆ ಮಗು ಎದ್ದಾಗಿನಿಂದ ರಾತ್ರಿ ನಿದ್ದೆ ಹೋಗುವವರೆಗೆ ಏನೇನು ನಡೆಯಿತು, ಹೇಳಿ." ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಒಳ್ಳೆಯ ಪಟ್ಟಿ ಸಿಗುತ್ತದೆ. ನಿನ್ನೆಯ ದಿನ ಕೇಳಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಒಂದು ಮಗುವಿನ ದಿನ ಹೀಗಿತ್ತು. ಎದ್ದ ಕೂಡಲೇ ಬಾಟಲಿಯಲ್ಲಿ ಹಾಲು. ತಿಂಡಿಗೆ ಎರಡು ತುತ್ತು, ಆಮೇಲೆ ಹಠ. "ಪಾಪ, ಹಸಿದಿರುತ್ತೆ" ಎಂದು ಹತ್ತು ಗಂಟೆಗೆ ಬಿಸ್ಕತ್ತು ಮತ್ತು ಹಾಲು. ಮಧ್ಯಾಹ್ನ ಟಿವಿ ಮುಂದೆ ಒಂದು ಗಂಟೆ ಊಟ. ಮಲಗಿಸಲು ಹಾಲು. ಸಂಜೆ ಪೊಟ್ಟಣದ ಹಣ್ಣಿನ ರಸ. ರಾತ್ರಿ ಊಟ ಬೇಡವೆಂದಿತು, ಮತ್ತೆ ಹಾಲು. ನಡುರಾತ್ರಿ ಎಚ್ಚರವಾದಾಗ ಇನ್ನೊಂದು ಬಾಟಲಿ. ಆ ತಾಯಿ ಹೇಳುತ್ತಾ ಹೇಳುತ್ತಾ ತಾವೇ ನಿಲ್ಲಿಸಿ, "ಹಾಲೇ ಒಂದು ಲೀಟರ್ ಆಗುತ್ತಲ್ವಾ?" ಎಂದರು. ಹೌದು. ಕೆನೆ ತೆಗೆಯದ ಒಂದು ಲೀಟರ್ ಹಾಲಿನಲ್ಲಿ 600ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಿರುವುದು ಸುಮಾರು 1,000ದಿಂದ 1,200. ಅರ್ಧ ಹೊಟ್ಟೆ ಹಾಲಿನಿಂದಲೇ ತುಂಬಿದ ಮಗು ತಟ್ಟೆಯ ಮುಂದೆ ಮುಖ ತಿರುಗಿಸಿದರೆ ಅದು ಹಠವಲ್ಲ, ಅದಕ್ಕೆ ಹಸಿವಿಲ್ಲ ಅಷ್ಟೆ. ಹಾಲು ಅತಿಯಾದ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆಯನ್ನೂ ನಾನು ಮೇಲಿಂದ ಮೇಲೆ ಕಾಣುತ್ತೇನೆ. ತೂಕ ಹೆಚ್ಚು, ರಕ್ತ ಕಡಿಮೆ.

ಇಂಥ ಕಡೆ ನಾನು ಮೊದಲು ಮುಟ್ಟುವುದು ಬಾಟಲಿಯನ್ನು. ವರ್ಷ ತುಂಬಿದ ಮೇಲೆ ಲೋಟ, ಹದಿನೆಂಟು ತಿಂಗಳೊಳಗೆ ಬಾಟಲಿ ಪೂರ್ತಿ ಬಂದ್. ದಿನದ ಹಾಲು 400, 500 ಮಿಲಿಲೀಟರ್ ಮೀರದಂತೆ, ಅದೂ ಊಟ ತಿಂಡಿಯ ಜೊತೆಗೆ. ನಡುರಾತ್ರಿಯ ಹಾಲನ್ನು ಒಮ್ಮೆಲೇ ನಿಲ್ಲಿಸಲು ಹೇಳಿದರೆ ಯಾವ ಮನೆಯಲ್ಲೂ ನಡೆಯುವುದಿಲ್ಲ, ಎಲ್ಲರಿಗೂ ನಿದ್ದೆ ಬೇಕು. ಕೆಲವು ರಾತ್ರಿಗೊಮ್ಮೆ ಅಳತೆ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಕೊನೆಗೆ ಲೋಟದಲ್ಲಿ ನೀರು. ಹಣ್ಣಿನ ರಸದ ಬಗ್ಗೆ ನನ್ನ ಮಾತು ಚಿಕ್ಕದು: ಹಣ್ಣನ್ನೇ ಕೊಡಿ. ವರ್ಷದೊಳಗಿನ ಮಗುವಿಗೆ ರಸ ಬೇಡವೇ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದನ್ನು ನಾನೂ ಪಾಲಿಸುತ್ತೇನೆ.

ಇದಕ್ಕಿಂತ ಕಷ್ಟದ್ದು ತುತ್ತಿನ ವಿಷಯ. ತಿನ್ನಿಸುವ ಬಗೆ ಬಾಯಿಮಾತಿನಲ್ಲಿ ಗೊತ್ತಾಗುವುದಿಲ್ಲ, ಹಾಗಾಗಿ ಮನೆಯಿಂದ ಮಗುವಿನ ಊಟ ತರಲು ಹೇಳಿ ನನ್ನೆದುರೇ ಉಣಿಸಲು ಕೇಳುತ್ತೇನೆ. ಒಬ್ಬ ಅಜ್ಜಿ ಹಾಗೆ ಉಣಿಸುತ್ತಿದ್ದರು. ಮಗು ಮೊದಲ ಕೆಲವು ತುತ್ತುಗಳನ್ನು ತಾನಾಗಿ ಬಾಯಿ ಚಾಚಿ ತೆಗೆದುಕೊಂಡಿತು. ಆಮೇಲೆ ಅಗಿಯುವುದು ನಿಧಾನವಾಯಿತು. ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡಿತು. ಮುಖ ಪಕ್ಕಕ್ಕೆ ಹೋಯಿತು, ತುಟಿ ಬಿಗಿಯಿತು, ಕೈ ಚಮಚವನ್ನು ತಳ್ಳಿತು. ಆಗ ಅಜ್ಜಿಯ ಮಗಳು ಫೋನ್ ತೆಗೆದು ಮುಂದೆ ಹಿಡಿದರು. ಮಗುವಿನ ಕಣ್ಣು ಅಲ್ಲಿ ನೆಟ್ಟಿತು, ಬಾಯಿ ತಂತಾನೇ ತೆರೆಯಿತು. ತಟ್ಟೆ ಖಾಲಿಯಾಯಿತು. "ನೋಡಿದ್ರಾ, ಹೀಗೆ ಮಾಡಿದ್ರೆ ಮಾತ್ರ ತಿನ್ನುತ್ತೆ" ಎಂದರು ಅಜ್ಜಿ. ನಾನು ಹೇಳಿದೆ: "ಅಜ್ಜಿ, ಮಗು ನಾಲ್ಕು ಸಲ 'ಸಾಕು' ಅಂದಿತು. ನಿಧಾನಕ್ಕೆ ಅಗಿದಾಗ ಒಂದು, ಮುಖ ತಿರುಗಿಸಿದಾಗ ಒಂದು, ತುಟಿ ಬಿಗಿದಾಗ ಒಂದು, ಕೈಯಲ್ಲಿ ತಳ್ಳಿದಾಗ ಒಂದು. ಫೋನ್ ಬಂದ ಮೇಲೆ ಅದಕ್ಕೆ ತನ್ನ ಹೊಟ್ಟೆಯ ಮಾತು ಕೇಳಿಸುವುದು ನಿಂತಿತು." ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೊಮ್ಮಗುವಿನ ಮೇಲೆ ಅಷ್ಟು ಪ್ರೀತಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅವರನ್ನು ಬದಿಗಿಟ್ಟು ತಾಯಿಗೆ ಮಾತ್ರ ಸಲಹೆ ಕೊಟ್ಟರೆ ಏನೂ ಆಗುವುದಿಲ್ಲ. ಮಗುವಿಗೆ ಉಣಿಸುವವರು ಯಾರೋ ಅವರೇ ನನ್ನೆದುರು ಕೂರಬೇಕು.

ಎಷ್ಟು ಸಾಕು ಎಂಬ ತಿಳಿವಳಿಕೆ ಮಗುವಿಗೆ ಹುಟ್ಟಿನಿಂದಲೇ ಇರುತ್ತದೆ. ಅದನ್ನು ಕೆಡಿಸುವುದು ಮಾತ್ರ ಬಹಳ ಸುಲಭ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾನು ತಂದೆತಾಯಿಗಳಿಗೆ ಹೇಳುತ್ತಿರುತ್ತೇನೆ. ತಟ್ಟೆಗೆ ಬಡಿಸುವ ಪ್ರಮಾಣ ಹೆಚ್ಚಿಸಿದಾಗ ಮೂರು ವರ್ಷದ ಮಕ್ಕಳು ತಮಗೆ ಬೇಕಾದಷ್ಟೇ ತಿಂದು ಬಿಟ್ಟರು. ಐದು ವರ್ಷದವರು ಮಾತ್ರ ತಟ್ಟೆ ದೊಡ್ಡದಾದಂತೆ ಹೆಚ್ಚು ತಿಂದರು. ಹೊಟ್ಟೆಯನ್ನು ಬಿಟ್ಟು ತಟ್ಟೆಯನ್ನು ನೋಡಿ ತಿನ್ನುವುದನ್ನು ಮಗು ಆ ಎರಡು ವರ್ಷಗಳಲ್ಲಿ ನಮ್ಮಿಂದ ಕಲಿಯುತ್ತದೆ. ಅದಕ್ಕೆ ಪೋಷಣ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಹಂಚಿಕೆಯನ್ನು ನಾನು ಚೀಟಿಯ ಮೇಲೇ ಬರೆದುಕೊಡುತ್ತೇನೆ: ಏನು ಬಡಿಸಬೇಕು, ಯಾವ ಹೊತ್ತಿಗೆ, ಎಲ್ಲಿ ಕೂತು ತಿನ್ನಬೇಕು ಎಂಬುದು ದೊಡ್ಡವರದು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. ಮೊದಲ ತಟ್ಟೆ ಚಿಕ್ಕದಾಗಿರಲಿ, ಇನ್ನೂ ಬೇಕೆಂದರೆ ಕೊಡಿ. ಇಪ್ಪತ್ತು ಮೂವತ್ತು ನಿಮಿಷ ಆದ ಮೇಲೆ ತಟ್ಟೆ ಎತ್ತಿಡಿ, ಬೈಯಬೇಡಿ. ಮುಂದಿನ ಊಟ ಅಥವಾ ತಿಂಡಿಯವರೆಗೆ ನೀರು ಬಿಟ್ಟು ಬೇರೇನೂ ಬೇಡ. ಇದರಲ್ಲಿ ಕೊನೆಯದೇ ಎಲ್ಲರಿಗೂ ಕಷ್ಟ. ಅರ್ಧ ಗಂಟೆಗೆ ಮಗು ಬಂದು "ಹಸಿವು" ಎಂದಾಗ ಕರುಳು ಚುರ್ ಎನ್ನುತ್ತದೆ. ಎರಡು ಗಂಟೆಯ ನಂತರ ಮತ್ತೆ ತಿನ್ನಲು ಸಿಗುತ್ತದೆ ಎಂಬ ಭರವಸೆ ಇದ್ದರೆ ಮಗು ಆ ಹಸಿವನ್ನು ತಾಳಿಕೊಳ್ಳುತ್ತದೆ. ಹಸಿದು ಬಂದ ಮಗು ತಟ್ಟೆಯ ಮುಂದೆ ಕೂರುವ ಬಗೆಯೇ ಬೇರೆ ಎಂಬುದನ್ನು ಒಮ್ಮೆ ಕಂಡವರು ಮತ್ತೆ ಬಿಸ್ಕತ್ತಿಗೆ ಹಿಂತಿರುಗುವುದು ಕಡಿಮೆ.

ಈಗಾಗಲೇ ಗೆರೆ ಏರಿರುವ ಮಕ್ಕಳ ಮನೆಯಲ್ಲಿ ನನ್ನ ಎಚ್ಚರಿಕೆ ಬೇರೆ. ಚಾರ್ಟ್ ನೋಡಿ ಹೆದರಿದ ತಂದೆ ಅವತ್ತೇ ಮನೆಗೆ ಹೋಗಿ ಎಲ್ಲ ಡಬ್ಬಿಗೂ ಬೀಗ ಹಾಕುತ್ತಾರೆ, ಅಣ್ಣನಿಗೆ ಕೊಟ್ಟದ್ದನ್ನು ತಮ್ಮನಿಗೆ ಕೊಡುವುದಿಲ್ಲ. ಕಣ್ಣೆದುರು ಇಟ್ಟು ತಿನ್ನಬೇಡ ಎಂದದ್ದರ ಮೇಲೆಯೇ ಮಗುವಿನ ಆಸೆ ಹೆಚ್ಚುತ್ತದೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿರುವ ಸಂಗತಿ. ಹಾಗಾಗಿ ನಾನು ಹೇಳುವುದು: ಮನೆಗೆ ತರುವುದನ್ನು ಕಡಿಮೆ ಮಾಡಿ. ತಂದದ್ದು ಎಲ್ಲರಿಗೂ ಒಂದೇ. ಮಗುವಿನ ಎದುರು "ದಪ್ಪ" ಎಂಬ ಮಾತೇ ಬೇಡ, ನನ್ನ ಕೋಣೆಯಲ್ಲೂ ಬೇಡ. ಆ ಮಾತು ಬರುವ ಹಾಗಿದ್ದರೆ ಮಗುವನ್ನು ನರ್ಸ್ ಜೊತೆ ಆಟಕ್ಕೆ ಕಳಿಸುತ್ತೇನೆ. ಈ ವಯಸ್ಸಿನ ಬಹುತೇಕ ಮಕ್ಕಳ ತೂಕ ಇಳಿಸುವ ಅಗತ್ಯವೂ ಇಲ್ಲ. ತೂಕ ನಿಧಾನವಾಗಿ ಏರಿದರೆ, ಅಥವಾ ಕೆಲವು ತಿಂಗಳು ಅಲ್ಲೇ ನಿಂತರೆ ಸಾಕು. ಎತ್ತರ ಅದನ್ನು ಹಿಂದಿಕ್ಕುತ್ತದೆ. ಹತ್ತನೇ ವಯಸ್ಸಿನಲ್ಲಿ ಇದೇ ಕೆಲಸ ಎಷ್ಟು ಕಷ್ಟ ಎಂಬುದನ್ನು ದಿನವೂ ನೋಡುವುದರಿಂದಲೇ ನಾನು ಮೂರನೇ ವಯಸ್ಸಿನ ಬಗ್ಗೆ ಇಷ್ಟು ಒತ್ತಿ ಹೇಳುವುದು.

ನಿದ್ದೆಯ ವಿಷಯ ಎತ್ತಿದರೆ "ತೂಕಕ್ಕೂ ನಿದ್ದೆಗೂ ಏನು ಸಂಬಂಧ?" ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಇಡೀ ದಿನವನ್ನು ಸರಿದಾರಿಗೆ ತರುವ ಕೀಲಿ ಇದೇ. ಅಮೆರಿಕದಲ್ಲಿ ಶಾಲಾಪೂರ್ವ ವಯಸ್ಸಿನ ಮಕ್ಕಳನ್ನು ಹದಿಹರೆಯದವರೆಗೆ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ರಾತ್ರಿ ಎಂಟು ಗಂಟೆಯೊಳಗೆ ಮಲಗುತ್ತಿದ್ದವರಲ್ಲಿ ಮುಂದೆ ನೂರಕ್ಕೆ 10 ಮಂದಿಗೆ ಬೊಜ್ಜು ಬಂದರೆ, ಒಂಬತ್ತರ ನಂತರ ಮಲಗುತ್ತಿದ್ದವರಲ್ಲಿ 23 ಮಂದಿಗೆ ಬಂದಿತ್ತು. ಬೇಗ ಮಲಗುವ ಮನೆಗಳಲ್ಲಿ ಬೇರೆ ಒಳ್ಳೆಯ ಕ್ರಮಗಳೂ ಇರಬಹುದು, ಎಲ್ಲ ಶ್ರೇಯಸ್ಸನ್ನೂ ನಿದ್ದೆಗೇ ಕೊಡಲಾಗದು. ಆದರೂ ನಿದ್ದೆಗೆಟ್ಟ ಮಗು ಮಾರನೇ ದಿನ ರಚ್ಚೆ ಹಿಡಿಯುತ್ತದೆ, ರಚ್ಚೆ ಹಿಡಿದ ಮಗುವಿನ ಕೈಗೆ ಫೋನೋ ಸಿಹಿಯೋ ಬರುತ್ತದೆ, ಆಟ ಕಡಿಮೆಯಾಗುತ್ತದೆ, ತಡರಾತ್ರಿ ಎಚ್ಚರ ಇದ್ದಷ್ಟೂ ಇನ್ನೊಮ್ಮೆ ತಿನ್ನುವ ಅವಕಾಶ. ಒಂದನ್ನೊಂದು ಎಳೆದುಕೊಂಡು ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದೆರಡು ವರ್ಷದ ಮಗುವಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹನ್ನೊಂದು ಗಂಟೆಗೆ ಮಲಗುವ ಮಗುವನ್ನು ನಾಳೆಯಿಂದ ಎಂಟಕ್ಕೆ ಮಲಗಿಸಿ ಎಂದರೆ ಆಗುವ ಮಾತಲ್ಲ. ನಾನು ಬೆಳಗಿನ ಕಡೆಯಿಂದ ಶುರು ಮಾಡಿಸುತ್ತೇನೆ. ರಾತ್ರಿ ಎಷ್ಟೇ ತಡವಾಗಲಿ, ಏಳುವ ಹೊತ್ತು ಒಂದೇ. ಎದ್ದ ಕೂಡಲೇ ಬೆಳಕಿಗೆ ಕರೆತರುವುದು. ಸಂಜೆ ನಾಲ್ಕರ ನಂತರ ಮಲಗಿಸದಿರುವುದು. ಇಷ್ಟು ಕೂತ ಮೇಲೆ ರಾತ್ರಿಯ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ. ಮಲಗುವ ಒಂದು ಗಂಟೆ ಮೊದಲೇ ಟಿವಿ, ಫೋನ್ ಎಲ್ಲ ಪರದೆಗಳೂ ಬಂದ್, ದೊಡ್ಡವರದ್ದೂ. ಮೈ ತೊಳೆದು, ಹಲ್ಲುಜ್ಜಿ, ದೀಪ ಸಣ್ಣದು ಮಾಡಿ, ಕಥೆ ಹೇಳಿ ಮಲಗಿಸುವುದು, ದಿನವೂ ಇದೇ ಸಾಲಿನಲ್ಲಿ. ಕೆಲಸ ಮುಗಿಸಿ ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಇದರಿಂದ ಸಂಕಟವಾಗುತ್ತದೆ. ಮಗುವಿನ ಜೊತೆ ಸಿಗುವುದೇ ಆ ಎರಡು ಗಂಟೆ. ಅವರಿಗೆ ನಾನು ಎಂಟು ಗಂಟೆ ಎಂದು ಪಟ್ಟು ಹಿಡಿಯುವುದಿಲ್ಲ. ಒಂಬತ್ತಾದರೂ ಸರಿ, ದಿನವೂ ಒಂಬತ್ತೇ ಆಗಿರಲಿ, ಬೆಳಿಗ್ಗೆ ಒಂದರ್ಧ ಗಂಟೆ ಮಗುವಿಗೆ ಕೊಡಿ ಎನ್ನುತ್ತೇನೆ.

ಆಟದ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ. ಪರದೆ ತೆಗೆದರೆ ಮಗು ತಾನೇ ಆಡುತ್ತದೆ. ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಒಟ್ಟು ಮೂರು ಗಂಟೆ ಓಡಾಟ, ಎರಡು ವರ್ಷದೊಳಗೆ ಪರದೆ ಬೇಡ, ಆಮೇಲೂ ಒಂದು ಗಂಟೆ ಮೀರದಿರಲಿ. ಇನ್ನೂ ತೆವಳಲಾರದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಅರ್ಧ ಗಂಟೆಯಾದರೂ ಬೋರಲು ಮಲಗಿಸಬೇಕು, ಪಕ್ಕದಲ್ಲೇ ಕೂತು. ವ್ಯಾಯಾಮ ಎಂಬ ಹೆಸರಿನಲ್ಲಿ ಏನನ್ನೂ ಮಾಡಿಸಬೇಡಿ.

ಇವನ್ನೆಲ್ಲ ಒಂದೇ ದಿನ ಹೇಳುವುದಿಲ್ಲ. ನಿನ್ನೆಯ ದಿನ ಕೇಳಿದ ಮೇಲೆ, ಆ ಮನೆಗೆ ಸುಲಭವಾದದ್ದು ಯಾವುದೋ ಅದನ್ನು ಅವರೇ ಆರಿಸಿಕೊಳ್ಳಲಿ ಎಂದು ಬಿಡುತ್ತೇನೆ. ಒಂದಕ್ಕೊಂದು ಕೂಡಿದರೆ ಬಲ ಹೆಚ್ಚು ಎಂಬುದಕ್ಕೆ ಆಧಾರವಿದೆ. ಅಮೆರಿಕದ ನಾಲ್ಕು ವರ್ಷದ ಸುಮಾರು 8,500 ಮಕ್ಕಳ ಮೇಲಿನ 2010ರ ಅಧ್ಯಯನದಲ್ಲಿ ವಾರದ ಹೆಚ್ಚಿನ ರಾತ್ರಿ ಮನೆಮಂದಿಯ ಜೊತೆ ಊಟ, ರಾತ್ರಿ ಹತ್ತೂವರೆ ಗಂಟೆ ನಿದ್ದೆ, ಎರಡು ಗಂಟೆ ಮೀರದ ಪರದೆ, ಈ ಮೂರೂ ಇದ್ದ ಮನೆಗಳ ಮಕ್ಕಳಲ್ಲಿ ಬೊಜ್ಜು ಮೂರೂ ಇಲ್ಲದವರಿಗಿಂತ ಸುಮಾರು 40% ಕಡಿಮೆ ಇತ್ತು. ಇದರಲ್ಲಿ ಯಾವುದಕ್ಕೂ ವಿಶೇಷ ಆಹಾರ ಬೇಡ. ಅದಕ್ಕೇ ಈ ಮೂರು ನನಗೆ ಇಷ್ಟ.

ಎಲ್ಲವೂ ಅಭ್ಯಾಸದ ಮಾತಲ್ಲ. ತಂದೆತಾಯಿಯಲ್ಲಿ ಒಬ್ಬರಿಗೆ ಬೊಜ್ಜಿದ್ದರೂ ಮಗುವಿಗೆ ಅದು ಬರುವ ಸಾಧ್ಯತೆ ಹೆಚ್ಚು, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಯಲ್ಲೂ ಗೆರೆ ಏರಿದ್ದನ್ನು ಕಂಡಿದ್ದೇನೆ. ಅಂಥ ತಾಯಿಯನ್ನು ದೂರುವುದು ಅನ್ಯಾಯ, ಸುತ್ತಲಿನವರು ದೂರಿದರೆ ನಾನು ತಡೆಯುತ್ತೇನೆ. ಮಗುವಿನ ತೂಕ ಏರುತ್ತಿದ್ದು ಎತ್ತರ ಬೆಳೆಯುವುದು ನಿಂತಿದ್ದರೆ ಹಾರ್ಮೋನ್ ಪರೀಕ್ಷೆ ಬೇಕು. ದಿನವೂ ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ಕಟ್ಟಿದಂತಾದರೆ ಗಂಟಲು, ಮೂಗು ನೋಡಿಸಬೇಕು. ಬಹಳ ಚಿಕ್ಕಂದಿನಲ್ಲೇ ತೂಕ ವಿಪರೀತ ಏರಿ, ಎಷ್ಟು ತಿಂದರೂ ಹಸಿವು ಇಂಗದೆ ಕಸದ ಬುಟ್ಟಿಯಲ್ಲೂ ಆಹಾರ ಹುಡುಕುವ ಮಗು ಸಿಕ್ಕರೆ ವಂಶವಾಹಿ ತಜ್ಞರ ಬಳಿ ಕಳಿಸುತ್ತೇನೆ. ಇವು ಅಪರೂಪ, ಆದರೆ ತಪ್ಪಿಸಿಕೊಳ್ಳಬಾರದವು.

ಈಗ ನಾನು ಈ ಮಾತನ್ನು ಮೂರನೇ ವರ್ಷದವರೆಗೂ ಕಾಯದೆ, ಲಸಿಕೆಗೆ ಬರುವ ಆರು ತಿಂಗಳ ಕೂಸಿನ ಮನೆಯವರ ಜೊತೆಗೇ ಆಡುತ್ತೇನೆ. ಆಗ ಬದಲಿಸಬೇಕಾದ ಅಭ್ಯಾಸವೇ ಇರುವುದಿಲ್ಲ, ಹೇಳುವುದೂ ಕಡಿಮೆ. ಎದೆಹಾಲು ಮುಂದುವರಿಸಿ. ಮೊದಲ ಗಟ್ಟಿ ಆಹಾರವನ್ನು ಕೂರಿಸಿ ತಿನ್ನಿಸಿ, ಸಕ್ಕರೆ ಬೆರೆಸಬೇಡಿ. ಹೊಸ ತರಕಾರಿಯನ್ನು ಮಗು ಉಗುಳಿದರೆ ಅದಕ್ಕೆ ಇಷ್ಟವಿಲ್ಲ ಎಂದು ಪಟ್ಟಿಯಿಂದ ತೆಗೆಯಬೇಡಿ. ಒಂದು ಚಿಟಿಕೆಯಷ್ಟು, ಬಲವಂತವಿಲ್ಲದೆ, ಬೇರೆ ಬೇರೆ ದಿನ ಎಂಟು ಹತ್ತು ಸಲ ಮುಂದಿಡಿ, ಕೆಲವು ಮಕ್ಕಳಿಗೆ ಹದಿನೈದು ಸಲವೂ ಬೇಕಾಗಬಹುದು. ಬಹಳಷ್ಟು ತಾಯಂದಿರು ಮೂರನೇ, ನಾಲ್ಕನೇ ಸಲಕ್ಕೇ ಕೈಬಿಡುತ್ತಾರೆ. ಒಂಬತ್ತನೇ ತಿಂಗಳ ಲಸಿಕೆಗೆ ಬಂದಾಗ ನಾನು ತೂಕ ನೋಡುವ ಮೊದಲೇ ಆ ತರಕಾರಿಯ ಹೆಸರು ಹಿಡಿದು ಕೇಳುತ್ತೇನೆ, ಎಷ್ಟನೇ ಸಲ ಆಯಿತು ಎಂದು.